ಫೋನಿನಲ್ಲಿ ಗೆದ್ದೆ, ಸಭೆಯಲ್ಲಿ ಸೋತೆ

ಸಲಹಾ ಮಂಡಳಿಯ ಸದಸ್ಯನಿಗೆ ಸಂಬಳವಿಲ್ಲ, ಅಧಿಕಾರವಿಲ್ಲ, ಒಂದು ಡಾಲರ್ ಮಂಜೂರು ಮಾಡುವ ಸಹಿಯೂ ಇಲ್ಲ. ಅವನ ಕೈಲಿರುವುದು ಒಂದೇ: ಹತ್ತು ಜನರೆದುರು ತನಗೆ ತೋಚಿದ್ದನ್ನು ಹೇಳಿ, ಅದನ್ನು ನಡಾವಳಿಯಲ್ಲಿ ಬರೆಸುವ ಹಕ್ಕು. ಕ್ಯಾಲಿಫೋರ್ನಿಯಾದ ಒಂದು ಕೌಂಟಿಯಲ್ಲಿ ಹಿರಿಯರ ಸೇವೆಗಳ ಸಲಹಾ ಮಂಡಳಿಗೆ ನೇಮಕವಾಗಿದ್ದ ನಾನು ಅದನ್ನೂ ಕೈಯಾರೆ ಕಳೆದುಕೊಂಡೆ.

ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ಕ್ಯಾಲಿಫೋರ್ನಿಯಾದಲ್ಲಿ ಇಂಥವು 58 ಇವೆ. ಇಲ್ಲಿ ಸರ್ಕಾರ ಕಳಿಸಿದ ಡಿಸಿ ಇರುವುದಿಲ್ಲ. ಜನರೇ ಆರಿಸಿದ ಸೂಪರ್‌ವೈಸರ್‌ಗಳು, ಬಹುತೇಕ ಕಡೆ ಐವರು, ಬಜೆಟ್ ಸೇರಿದಂತೆ ಬಹುತೇಕ ಎಲ್ಲವನ್ನೂ ತೀರ್ಮಾನಿಸುತ್ತಾರೆ. ಗ್ರಂಥಾಲಯ, ಉದ್ಯಾನ, ಮಾನಸಿಕ ಆರೋಗ್ಯ, ಹೀಗೆ ಒಂದೊಂದಕ್ಕೂ ಊರಿನವರನ್ನೇ ಕೂರಿಸಿ ಸಲಹೆ ಕೇಳುತ್ತಾರೆ. ಕೆಲವು ಮಂಡಳಿಗಳನ್ನು ಕಾನೂನೇ ಕಡ್ಡಾಯ ಮಾಡಿದೆ. ನಮ್ಮದು ಅಂಥದ್ದು. 1965ರ ಹಿರಿಯ ಅಮೆರಿಕನ್ನರ ಕಾಯ್ದೆಯ ಪ್ರಕಾರ 60 ದಾಟಿದವರಿಗೆ ಮಧ್ಯಾಹ್ನದ ಊಟ ಹಾಕಲು ಕೇಂದ್ರದ ಹಣ ಬರುತ್ತದೆ. ಅದನ್ನು ಹಂಚುವ ಸಂಸ್ಥೆಗೆ ಸಲಹಾ ಮಂಡಳಿ ಇರಲೇಬೇಕು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಿರಿಯರೇ ಆಗಿರಬೇಕು.

ನನ್ನ ತಲೆಯಲ್ಲಿ ಇದ್ದದ್ದು ಅನ್ನ-ಸಾರು. ಮಕ್ಕಳ ಜೊತೆ ಇರಲು ಹಾಸನ, ಧಾರವಾಡ, ಮಂಗಳೂರುಗಳಿಂದ ಬಂದ ತಂದೆತಾಯಿಗಳು ನಮ್ಮ ಕಡೆ ಬಹಳ. ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ಮಾತಾಡಲು ಜನರಿಲ್ಲ. ಹಿರಿಯರ ಕೇಂದ್ರಕ್ಕೆ ಹೋಗೋಣವೆಂದರೆ ಅಲ್ಲಿನ ಊಟ ಬಾಯಿಗೆ ಸೇರುವುದಿಲ್ಲ. ವಾರಕ್ಕೆ ಎರಡು ದಿನವಾದರೂ ದಕ್ಷಿಣ ಭಾರತದ ಸಸ್ಯಾಹಾರಿ ಊಟ ಕೊಡಿಸಬೇಕು ಅಂತ ಪಟ್ಟು ಹಿಡಿದೆ.

ಕನ್ನಡ ಕೂಟದ ಕಾರ್ಯಕಾರಿ ಸಮಿತಿಯಲ್ಲಿ ಪಳಗಿದವನು ನಾನು. ಸಭೆ ಅನ್ನುವುದು ಶಾಸ್ತ್ರಕ್ಕೆ, ಕೆಲಸ ಆಗುವುದು ಹಿಂದಿನ ರಾತ್ರಿಯ ಫೋನಿನಲ್ಲಿ ಎಂದು ನಂಬಿದ್ದೆ. ಹನ್ನೊಂದು ಸದಸ್ಯರಲ್ಲಿ ಆರು ಜನ ಸಾಕಿತ್ತು. ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿ, 'ಅವರು ಒಪ್ಪಿದ್ದಾರೆ, ನೀವೊಬ್ಬರು ಹೂಂ ಅಂದರೆ ಆಯಿತು' ಎನ್ನುತ್ತಾ ಬಹುಮತ ಜೋಡಿಸಿದೆ.

ಸಭೆಯಲ್ಲಿ ವಿಷಯ ಬಂತು. ನಾನು ಬಾಯಿ ತೆರೆಯುವ ಮೊದಲೇ ಒಬ್ಬ ಹಿರಿಯ ಸದಸ್ಯೆ, ಪಾಪ, ನನಗೆ ನೆರವಾಗಲೆಂದೇ, "ಇದರಲ್ಲಿ ಚರ್ಚೆ ಏನಿದೆ? ನಾವೆಲ್ಲ ಫೋನಿನಲ್ಲೇ ಒಪ್ಪಿದ್ದೇವಲ್ಲ" ಎಂದರು. ಕೌಂಟಿಯ ವಕೀಲರು ಪೆನ್ನು ಕೆಳಗಿಟ್ಟರು. ಯಾರು ಯಾರಿಗೆ ಫೋನ್ ಮಾಡಿದ್ದು ಎಂದು ಕೇಳಿದರು. ಹೇಳಿದೆ. ವಿಷಯವನ್ನು ಅಲ್ಲಿಗೇ ಕಾರ್ಯಸೂಚಿಯಿಂದ ತೆಗೆದರು.

ಬ್ರೌನ್ ಕಾಯ್ದೆಯ ತರಬೇತಿ ನನಗೂ ಆಗಿತ್ತು, ಕೇಳಿಸಿಕೊಂಡಿರಲಿಲ್ಲ, ಅಷ್ಟೇ. ಸ್ಥಳೀಯ ಸಂಸ್ಥೆಗಳು ಕದ ಮುಚ್ಚಿಕೊಂಡು ತೀರ್ಮಾನ ಮಾಡುತ್ತಿವೆ ಎಂದು ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆ ಲೇಖನಮಾಲೆ ಬರೆದ ಮೇಲೆ, 1953ರಲ್ಲಿ ಬಂದ ಕಾನೂನು ಅದು. ಮಾಮೂಲಿ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ತೀರ್ಮಾನಕ್ಕೆ ಮುಂಚೆ ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಬೇಕು. ಬಹುಮತದಷ್ಟು ಸದಸ್ಯರು ಸಭೆಯ ಹೊರಗೆ, ಒಬ್ಬರಿಂದೊಬ್ಬರಿಗೆ ದಾಟಿಸಿಕೊಂಡು ಬಂದರೂ, ವಿಷಯವನ್ನು ಚರ್ಚಿಸಬಾರದು. ಬರೀ ಸಲಹೆ ಕೊಡುವ ಮಂಡಳಿಗೂ ಇದೇ ಕಟ್ಟು.

ವಿಷಯ ಮತ್ತೆ ಸರಿಯಾದ ಕ್ರಮದಲ್ಲಿ ಬರುವ ಹೊತ್ತಿಗೆ ಜುಲೈ 1ಕ್ಕೆ ಶುರುವಾಗುವ ಬಜೆಟ್ ವರ್ಷ ಕೈತಪ್ಪಿತ್ತು. 'ಸಲಹೆ ಕೊಡೋದಕ್ಕೂ ಇಷ್ಟು ಮಡಿಯೇ?' ಎಂದು ಮನೆಯಲ್ಲಿ ಗೊಣಗಿದೆ. ಆ ಗೊಣಗಾಟ ನಿಂತದ್ದು ಬಹಿರಂಗ ಚರ್ಚೆಯ ದಿನ.

ಮೊದಲು ಆಹಾರತಜ್ಞೆ ಎದ್ದರು. ಈ ಯೋಜನೆಯ ಪ್ರತಿ ಊಟವೂ ದಿನದ ಪೋಷಕಾಂಶದ ಮೂರನೇ ಒಂದು ಭಾಗವನ್ನಾದರೂ ಒದಗಿಸಬೇಕು; ನಾನು ಬರೆದುಕೊಟ್ಟ ಅನ್ನ, ತಿಳಿಸಾರು, ಪಲ್ಯದಲ್ಲಿ ಪ್ರೋಟೀನ್ ಎಲ್ಲಿದೆ, ಉಪ್ಪಿನಕಾಯಿ-ಹಪ್ಪಳದ ಉಪ್ಪನ್ನು ಯಾವ ಲೆಕ್ಕಕ್ಕೆ ಹಾಕಲಿ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಹಾಸನದ ಕಡೆಯ ಒಬ್ಬ ಅಜ್ಜಿ ಮೈಕಿನ ಮುಂದೆ ಬಂದರು. ನನ್ನನ್ನೇ ನೋಡಿ, "ಊಟ ಚೆನ್ನಾಗೇ ಇರುತ್ತೆ ಕಣಪ್ಪ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿಗೆ ನಮ್ಮನ್ನ ಕರ್ಕೊಂಡು ಹೋಗೋರು ಯಾರು? ಎರಡೂವರೆಗೆ ಮಗೂನ ಸ್ಕೂಲಿಂದ ಕರ್ಕೊಂಡ್ಬರ್ಬೇಕು, ಅಷ್ಟೊತ್ತಿಗೆ ವಾಪಸ್ ಬಿಡೋರು ಯಾರು?" ಎಂದರು. ಮೊಮ್ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹಿಂದೆ ಕೂತಿದ್ದ ಚೀನೀ, ಫಿಲಿಪಿನೋ ಅಜ್ಜಿಯರೂ ತಲೆಯಾಡಿಸಿದರು.

ಅವರಿಗೆ ಬೇಕಿದ್ದದ್ದು ಊಟಕ್ಕಿಂತ ಮೊದಲು ವ್ಯಾನು. ಅಷ್ಟು ಸದಸ್ಯರಿಗೆ ಫೋನ್ ಮಾಡಿದ ನಾನು ಆ ಅಜ್ಜಿಗೆ ಒಂದು ಫೋನ್ ಮಾಡಿರಲಿಲ್ಲ. ಅವರಿಗೆ ಫೋನ್ ಮಾಡಲು ಯಾವ ಕಾನೂನೂ ಅಡ್ಡಿಯಿರಲಿಲ್ಲ. ನನ್ನ ಬಹುಮತ ಅಂದೇ ಗೆದ್ದಿದ್ದರೆ ಬಿಸಿ ಸಾಂಬಾರಿನ ಮುಂದೆ ಖಾಲಿ ಕುರ್ಚಿಗಳು ಇರುತ್ತಿದ್ದವು.

ಸಲಹೆಗೆ ಬೆಲೆ ಬರುವುದು ಕೊಟ್ಟವನ ಬುದ್ಧಿವಂತಿಕೆಯಿಂದಲ್ಲ, ಅದು ಎಲ್ಲರ ಪ್ರಶ್ನೆಗಳನ್ನು ದಾಟಿ ಬಂದಿದೆ ಎಂಬ ನಂಬಿಕೆಯಿಂದ. ಸೂಪರ್‌ವೈಸರ್‌ಗಳಿಗೆ ವಶೀಲಿ ಮಾಡುವವರು ಬೇಕಾದಷ್ಟಿದ್ದಾರೆ; ನಾನೂ ಅವರಲ್ಲೊಬ್ಬನಾದರೆ ಆ ಕುರ್ಚಿ ನನಗೇಕೆ?

ಇಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಮುಂದಿನ ವರ್ಷ ಯಾವ ಮಂಡಳಿಯಲ್ಲಿ ಯಾರ ಅವಧಿ ಮುಗಿಯುತ್ತದೆ ಎಂಬ ಪಟ್ಟಿಯನ್ನು ಕ್ಯಾಲಿಫೋರ್ನಿಯಾದ ಪ್ರತಿ ಕೌಂಟಿಯೂ ಡಿಸೆಂಬರ್ 31ರೊಳಗೆ ಸಿದ್ಧಪಡಿಸಲೇಬೇಕು. ತರಿಸಿ ನೋಡಿ, ಅರ್ಜಿ ಹಾಕಿ. ನೇಮಕವಾದರೆ ಹೇಳುವುದನ್ನು ಸಭೆಯಲ್ಲೇ ಹೇಳಿ; ಅದಕ್ಕೂ ಮೊದಲು, ಯಾರಿಗಾಗಿ ಹೇಳುತ್ತೀರೋ ಅವರನ್ನು ಕೇಳಿ.