ಕೆರೆಯ ಹೆಸರು ಮತ್ತು ಒಂದು ಕಿರುಪ್ರಬಂಧ

ಸಾಸ್ವೆಹಳ್ಳಿಯ ಪದವಿ ವಿದ್ಯಾರ್ಥಿನಿಯೊಬ್ಬಳು ತರಗತಿಯ ಕಿರುಪ್ರಬಂಧಕ್ಕೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಐತಿಹ್ಯವನ್ನು ಆಯ್ದುಕೊಂಡಳು. ಶೀರ್ಷಿಕೆಯಲ್ಲಿ 'ಶಾಂತಿಸಾಗರ' ಎಂದಿದ್ದರೆ ಸಭ್ಯವೆಂಬುದು ಅಧ್ಯಾಪಕರ ಸಲಹೆ. ಬಿ.ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್ ದಾಖಲಿಸುವ ಕಥೆಯಂತೆ, ರಾಜಪುತ್ರಿ ಕಟ್ಟಿಸಿದ ಕೆರೆಯಲ್ಲಿ ತಂದೆಯ ಪಟ್ಟಣ ಮುಳುಗಿತು. ಆತ ಮಗಳನ್ನು ಶಪಿಸಿದ ಮಾತೇ ಕೆರೆಗೆ ಹೆಸರಾಯಿತು. ಅವಳ ಅಜ್ಜಿಯ ಬಾಯಲ್ಲಿದ್ದುದು ಬೇರೆ: ಆ ನೆಲ ಸೂಳೆಯರದು; ಕೆರೆಗೆ ತಮ್ಮ ಹೆಸರಿಡಬೇಕೆಂಬ ಕರಾರಿನ ಮೇಲೆ ಅವರದನ್ನು ಬಿಟ್ಟುಕೊಟ್ಟರು. ಒಂದರಲ್ಲಿ ಹೆಸರು ಬೈಗುಳ, ಇನ್ನೊಂದರಲ್ಲಿ ನೆಲದ ಬೆಲೆ. ಹಾಗಿದ್ದಲ್ಲಿ ಸಭ್ಯವಾದ ಹೆಸರೇ ಕರಾರುಭಂಗವಲ್ಲವೆ ಎಂಬುದು ಅವಳ ಪ್ರಶ್ನೆ. ಇಂಥವನ್ನು ಪಾಠಾಂತರಗಳೆಂದು ಜೋಡಿಸಿಟ್ಟು ಮುಂದೆ ಸಾಗುವ ಅಧ್ಯಯನಗಳಲ್ಲಿ (ನಮ್ಮಲ್ಲಿ ಅವೇ ಹೆಚ್ಚು) ಈ ಪ್ರಶ್ನೆ ಏಳುವುದು ಅಪರೂಪ. ಶೀರ್ಷಿಕೆಯಲ್ಲಿ ಅವಳು 'ಸೂಳೆಕೆರೆ'ಯನ್ನೇ ಉಳಿಸಿಕೊಂಡಳು. ಅಜ್ಜಿಯ ಮಾತನ್ನು ಆಡಿದಂತೆಯೇ ಬರೆದಳು.