ಕಾರಿಗೆ ಗಾಳಿ ಹಾಕೋರು ಯಾರು?

ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳಗಿನ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಾಗ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಯುಗಾದಿಗೆ ಅದರಲ್ಲೇ ರೋಣ ತಾಲೂಕಿನ ನಮ್ಮೂರಿಗೆ ಹೋದೆ. ಅವ್ವ ಸುತ್ತು ಹಾಕಿ ನೋಡಿ, "ಇದರಾಗ ಎಷ್ಟು ಚೀಲ ಹಿಡಸ್ತಾವ?" ಅಂದಳು. ಒಂದೂ ಹಿಡಿಸೋದಿಲ್ಲ ಅಂದೆ. "ಮತ್ಯಾಕ ತಂದಿ?"

ನಾನು ಮೊದಲೇ ತಯಾರಿ ಮಾಡಿಕೊಂಡಿದ್ದ ಉತ್ತರ ಕೊಟ್ಟೆ: ರೋಣದಾಗ ಹುಟ್ಟಿದ ಪಂಡಿತ ಭೀಮಸೇನ ಜೋಶಿಯವರಿಗೂ ಕಾರಿನ ಹುಚ್ಚಿತ್ತು, ರಿಪೇರಿ ಕೆಲಸವೂ ಚೆನ್ನಾಗಿ ಗೊತ್ತಿತ್ತು. ಅಪ್ಪ ಕಟ್ಟೆಯ ಮೇಲಿಂದಲೇ ಅಂದ, "ಅವರು ಹಾಡ್ತಿದ್ರು. ನೀ ಏನ್ ಮಾಡ್ತಿ?"

ಹಬ್ಬದ ದಿನ ಅಪ್ಪ ಬೇವು-ಬೆಲ್ಲ ಹಂಚುವಾಗ ನನ್ನ ಅಂಗೈ ಬಿಟ್ಟು ಪಕ್ಕಕ್ಕೆ ಹಾಕಿದ. ಎಡಗಣ್ಣು ಮುಚ್ಚಿ, ಬಲಗಣ್ಣು ಮುಚ್ಚಿ ಕೇಳಿದಾಗ ಗೊತ್ತಾಯಿತು, ಎಡಗಣ್ಣಿಗೆ ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಎಷ್ಟು ದಿನ ಆಯ್ತು ಅಂದರೆ, "ಹೋದ ದೀಪಾವಳಿಯಿಂದ ಇರಬೇಕು." ವಾರಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದೆ. ಪ್ರತಿ ಸಲ "ಆರಾಮ ಅದೀನಿ" ಅಂತಲೇ ಹೇಳುತ್ತಿದ್ದ.

ಮರುದಿನ ಕಣ್ಣು ತೋರಿಸಲು ನರಗುಂದಕ್ಕೆ ಹೊರಟೆವು. ಎರೆಹೊಲದ ನಡುವಿನ ದಾರಿ, ಮೇಲಿನ ಟಾಪು ತೆಗೆದಿದ್ದೆ. ಒಂದು ಕಡೆ ರಸ್ತೆ ತುಂಬ ರಾಶಿಗೆ ಹಾಸಿದ್ದರು, ಹೊಟ್ಟು ಕಾರಿನ ಹೊಟ್ಟೆಯಡಿ ಸರಸರ ಸದ್ದು ಮಾಡಿತು. ನರಗುಂದದ ಗುಡ್ಡ ಕಂಡಾಗಲೂ ಎಲ್ಲ ಸರಿಯಾಗಿತ್ತು. ಊರೊಳಗೆ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ಆಮೆಯಂತೆ ಸಾಗುವಾಗ ಟೆಂಪರೇಚರ್ ಮುಳ್ಳು ಏರತೊಡಗಿತು. ಬದಿಗೆ ನಿಲ್ಲಿಸಿದೆ.

ನಾನು ಮಾಡಿದ ಮೊದಲ ಕೆಲಸ, ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲ್ ನೋಡಿದ್ದು. ಕೂಲಂಟ್ 108 ಡಿಗ್ರಿ. ಎರರ್ ಕೋಡ್: ಇಲ್ಲ. ಎರಡನೆಯ ಕೆಲಸ ಇನ್ನೂ ದಡ್ಡತನದ್ದು. ನೀರು ಕಡಿಮೆಯಾಗಿದೆಯೋ ನೋಡೋಣವೆಂದು ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದ. ಆ ಹಿಡಿತ ಎಪ್ಪತ್ತರ ಹತ್ತಿರದವನದ್ದು ಅನ್ನಿಸಲಿಲ್ಲ.

ವಿಷಯ ಇಷ್ಟು. ಮುಚ್ಚಳ ಬಿಗಿಯಾಗಿದ್ದು ಒಳಗೆ ಒತ್ತಡ ಇರುವವರೆಗೆ ನೀರು ನೂರು ದಾಟಿದರೂ ಕುದಿಯೋದಿಲ್ಲ. ತೆಗೆದ ಕ್ಷಣ ಒತ್ತಡ ಬಿದ್ದು, ಒಮ್ಮೆಗೇ ಕುದ್ದು ಮುಖಕ್ಕೆ ಚಿಮ್ಮುತ್ತದೆ. ಅಪ್ಪ ಇದನ್ನು ಹೇಳಲಿಲ್ಲ. ತೋಳು ಮಡಚಿ ಮೊಣಕೈ ಕೆಳಗಿನ ಸುಟ್ಟ ಕಲೆ ತೋರಿಸಿದ. ಅದು ಒಲೆಯ ಹತ್ತಿರ ಆದದ್ದು ಅಂತ ಅವ್ವ ಯಾವಾಗಲೋ ಹೇಳಿದ್ದಳು.

"ಬಾಡಿಗಿ ಟ್ರ್ಯಾಕ್ಟರ್ ರಾತ್ರಿಪಾಳಿ ಹೊಡೀತಿದ್ದೆ. ನೀ ಹುಬ್ಬಳ್ಳ್ಯಾಗ ಮೂರನೇ ಸೆಮಿಸ್ಟರ್ ಇದ್ದಿ. ಪರೀಕ್ಷಾ ಇತ್ತು ನಿನಗ, ಹೇಳಲಿಲ್ಲ."

ಏನು ಹೇಳಬೇಕೋ ತಿಳಿಯದೆ ಮೊಬೈಲ್ ನೋಡುತ್ತ ನಿಂತೆ. ಎರರ್ ಕೋಡ್: ಇಲ್ಲ.

ಆಮೇಲೆ ಅಪ್ಪನೇ ಕೇಳಿದ, "ಓಡುವಾಗ ಕಾವು ಏರಲಿಲ್ಲ, ನಿಂತಾಗ ಏರಿತು. ಓಡುವಾಗ ಹೊರಗಿನ ಗಾಳಿ ಬಡೀತೈತಿ. ನಿಂತಾಗ ಇದಕ್ಕ ಗಾಳಿ ಹಾಕೋರು ಯಾರು?"

ಇಡೀ ಟ್ರಬಲ್‌ಶೂಟಿಂಗ್ ಇದ್ದದ್ದು ಆ ಒಂದು ಪ್ರಶ್ನೆಯಲ್ಲಿ. ವೇಗದಲ್ಲಿ ಹೋಗುವಾಗ ಬಿಸಿಯಾದರೆ ನೀರಿನ ಹರಿವು ನೋಡಬೇಕು: ಥರ್ಮೋಸ್ಟಾಟ್, ಪಂಪು, ಕಟ್ಟಿದ ರೇಡಿಯೇಟರು. ನಿಂತಾಗ ಮಾತ್ರ ಬಿಸಿಯಾದರೆ ಮೊದಲು ಫ್ಯಾನ್. ಅಪ್ಪನ ಹಳೇ ಟ್ರ್ಯಾಕ್ಟರಿನಲ್ಲಿ ಎಂಜಿನ್ನೇ ಬೆಲ್ಟಿನಿಂದ ಫ್ಯಾನ್ ತಿರುಗಿಸುತ್ತಿತ್ತು. ಇದರಲ್ಲಿ ಕರೆಂಟಿನ ಫ್ಯಾನು. ಬಗ್ಗಿ ನೋಡಿದೆ, ತಿರುಗುತ್ತಿರಲಿಲ್ಲ.

ಹತ್ತಿರದ ಟ್ರ್ಯಾಕ್ಟರ್ ಗ್ಯಾರೇಜಿನವರೊಬ್ಬರು ಬಂದರು. ಕೈಯಲ್ಲಿ ಎರಡು ವಯರು ಕಟ್ಟಿದ ಬಲ್ಬು, ಅಷ್ಟೇ. ಫ್ಯೂಸ್ ನೋಡಿದರು, ಸರಿಯಿತ್ತು. ರಿಲೇ ಮೇಲೆ ಬೆರಳಿಟ್ಟು ಇಗ್ನಿಷನ್ ಹಾಕಲು ಹೇಳಿದರು. ಟಕ್ ಅಂತು. ರಿಲೇಗೆ ಬರುವ ಕರೆಂಟಿಗೆ ಬಲ್ಬು ಹತ್ತಿತು, ಹೊರಹೋಗುವ ಕಡೆ ಹತ್ತಲಿಲ್ಲ. "ಸದ್ದು ಮಾಡ್ತೈತಿ, ಕೆಲಸ ಮಾಡವಲ್ದು" ಅಂದು ಅದನ್ನು ಕಿತ್ತು, ಅದೇ ನಮೂನೆಯ ಹಾರ್ನ್ ರಿಲೇ ತೆಗೆದು ಅಲ್ಲಿ ಕೂಡಿಸಿದರು. ಫ್ಯಾನ್ ಭರ್ ಅಂತ ತಿರುಗಿತು. ಹಳೇ ರಿಲೇ ಬಿಚ್ಚಿದರೆ ಒಳಗಿನ ಕಾಂಟ್ಯಾಕ್ಟು ಸುಟ್ಟು ಕರ್ರಗಾಗಿತ್ತು.

ಸ್ಕ್ಯಾನರ್ ಯಾಕೆ ಹೇಳಲಿಲ್ಲ? ಈ ಕಾರಿನ ಕಂಪ್ಯೂಟರಿಗೆ ಗೊತ್ತಿರುವುದು ತಾನು ಆಜ್ಞೆ ಕೊಟ್ಟದ್ದು ಮಾತ್ರ. ಫ್ಯಾನ್ ನಿಜವಾಗಿ ತಿರುಗಿತೋ ಇಲ್ಲವೋ ನೋಡುವ ವ್ಯವಸ್ಥೆ ಅದಕ್ಕಿಲ್ಲ. ಕಳಿಸಿಯಾಯ್ತು, ಮುಗೀತು. ಇದು ಬರೆಯುವಾಗ ನಗು ಬರುತ್ತದೆ, ಅವತ್ತು ಬರಲಿಲ್ಲ. ಪ್ರತಿ ತಿಂಗಳು ಒಂದನೇ ತಾರೀಖು ಮನೆಗೆ ದುಡ್ಡು ಹೋಗುವಂತೆ ಬ್ಯಾಂಕಿನಲ್ಲಿ ಆಜ್ಞೆ ಕೊಟ್ಟು ಕುಳಿತವನು ನಾನು. ಟಕ್ ಅಂತ ಮೆಸೇಜ್ ಬರುತ್ತಿತ್ತು.

ಕಣ್ಣಿನ ಡಾಕ್ಟರು ನೋಡಿ, ಪೊರೆ ಪೂರ್ತಿ ಬಲಿತಿದೆ, ಆಪರೇಷನ್ ಆಗಬೇಕು, ಆದರೆ ಕಾಣಿಸುತ್ತದೆ ಅಂದರು. ಸಂಜೆ ಹಾರ್ನ್ ಇಲ್ಲದೆ ಊರಿಗೆ ಮರಳಿದೆವು. ಅಡ್ಡ ಬಂದ ಕುರಿಹಿಂಡಿಗೆ ಅಪ್ಪ ತೆರೆದ ಟಾಪಿನಿಂದ ಎದ್ದು ನಿಂತು "ಹೋಯ್, ಹೋಯ್" ಅಂದ. ಹಾರ್ನಿಗಿಂತ ಚೆನ್ನಾಗಿ ಕೆಲಸ ಮಾಡಿತು.

ನಿಮ್ಮ ಹತ್ತಿರವೂ ಹಳೇ ಕಾರಿದ್ದರೆ ಇಷ್ಟು ನೆನಪಿಡಿ. ಕಾವು ಏರಿದರೆ ಹೀಟರ್ ಪೂರ್ತಿ ಹಾಕಿ, ಬೆವರು ಹರಿದರೂ ಸರಿ, ಎಂಜಿನ್ನಿನ ಬಿಸಿ ಅಷ್ಟು ಹೊರಬೀಳುತ್ತದೆ. ಮುಳ್ಳು ಇಳಿಯದಿದ್ದರೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಪೂರ್ತಿ ಆರುವವರೆಗೆ ಮುಚ್ಚಳ ಮುಟ್ಟಬೇಡಿ. ಡಿಕ್ಕಿಯಲ್ಲಿ ಒಂದು ರಿಲೇ, ನಾಲ್ಕು ಫ್ಯೂಸು, ಒಂದು ಬಲ್ಬು ಇರಲಿ. ಕೋಡ್ ಬರಲಿಲ್ಲ ಅಂದರೆ ದೋಷ ಇಲ್ಲ ಅಂತಲ್ಲ. ಬಗ್ಗಿ ನೋಡಿ.

ಮುಂದಿನ ತಿಂಗಳು ಆಪರೇಷನ್ ಆಯಿತು. ಡಾಕ್ಟರು ಓಡಾಡಬಹುದು ಅಂದ ಮೇಲೆ ಅಪ್ಪನನ್ನು ಗಜೇಂದ್ರಗಡಕ್ಕೆ ಕರೆದೊಯ್ದೆ. ಕಾಲಕಾಲೇಶ್ವರನ ದರ್ಶನವೂ ಆಗಲಿ, ಫ್ಯಾನಿನ ಪರೀಕ್ಷೆಯೂ ಆಗಲಿ ಅಂತ. ಏರಿನಲ್ಲಿ ನಿಧಾನ ಹತ್ತಿಸಿದೆ, ಮುಳ್ಳು ಅಲುಗಲಿಲ್ಲ. ಎದುರಿನ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು.

"ಬಲಗಣ್ಣು ಮುಚ್ಚಿ ಎಣಿಸು" ಅಂದೆ.

ಅಪ್ಪ ಅಂಗೈ ಅಡ್ಡ ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸಿದ. "ಹನ್ನೊಂದು."

ನಾನೂ ಎಣಿಸಿದೆ. ಹನ್ನೆರಡಿದ್ದವು. ಎದೆ ಧಸಕ್ಕೆಂದಿತು. ಇನ್ನೊಮ್ಮೆ ಎಣಿಸಪ್ಪಾ ಅಂದೆ.

"ಹನ್ನೆರಡು ಅದಾವೋ ತಮ್ಮಾ. ಕಡೀದು ತಿರಗವಲ್ದು. ಅದನ್ನ ಲೆಕ್ಕಕ್ಕ ತಗೊಳ್ಳಿಲ್ಲ."