ಮೆಣಸಿನಕಾಯಿ ಕಣದಿಂದ ಟಿ.ವಿ. ಪರದೆಗೆ

ಸಂಕ್ರಾಂತಿಯ ಆಸುಪಾಸಿನಲ್ಲಿ ಬ್ಯಾಡಗಿಯಿಂದ ಕಾಗಿನೆಲೆಗೆ ಹೊರಟವರು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳಬೇಕು. ಕಣದಲ್ಲಿ ಒಣಹಾಕಿದ ಮೆಣಸಿನಕಾಯಿ ದೂರಕ್ಕೆ ಹಾಸಿದ ಕೆಂಪು ಜಮಖಾನೆಯಂತೆ ಕಾಣುತ್ತದೆ. ಹತ್ತಿರ ಹೋದರಷ್ಟೇ ಒಂದೊಂದು ಕಾಯಿ, ಅದರ ಮೈಮೇಲಿನ ಸುಕ್ಕು ಬೇರೆಬೇರೆಯಾಗಿ ತೋರುತ್ತವೆ. ಒಂದು ಡಿಗ್ರಿಯ ಸುಮಾರು 60ನೇ ಒಂದು ಭಾಗಕ್ಕಿಂತ ಕಿರಿದಾದ ಅಂತರವನ್ನು ನಮ್ಮ ಕಣ್ಣು ಬಿಡಿಸಿ ನೋಡಲಾರದು.

ಆದಿಕೇಶವನ ದರ್ಶನ ಮುಗಿಸಿ ಮನೆಗೆ ಮರಳಿದ ಮಕ್ಕಳಿಗೆ ಕನಕದಾಸರ ಸಿನಿಮಾ ನೋಡುವ ಆಸೆ. ಅಪ್ಪನಿಗೆ ಫಸಲಿನ ದುಡ್ಡಿನಲ್ಲಿ ದೊಡ್ಡ ಟಿ.ವಿ. ಕೊಳ್ಳುವ ಆಸೆ. ಅಂಗಡಿಯವರು ‘4ಕೆ’ ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ: ಹಳೆಯ ಟಿ.ವಿ. ಚಿತ್ರದಲ್ಲಿ ಸುಮಾರು 4 ಲಕ್ಷ ಚುಕ್ಕೆಗಳು. ಪೂರ್ಣ ಎಚ್.ಡಿ.ಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಅಂದರೆ 20 ಲಕ್ಷಕ್ಕೂ ಹೆಚ್ಚು. 4ಕೆಯಲ್ಲಿ ಅದರ ನಾಲ್ಕು ಪಟ್ಟು. ಆದರೆ 43 ಇಂಚಿನ ಎಚ್.ಡಿ. ಪರದೆಯ ಒಂದು ಚುಕ್ಕೆ ಅರ್ಧ ಮಿಲಿಮೀಟರಿನಷ್ಟು. ಆರು ಅಡಿ ಹಿಂದೆ ಕುಳಿತವರಿಗೆ ಅದೇ ಜಮಖಾನೆ. 4ಕೆಗೆ ಕೊಟ್ಟ ಹೆಚ್ಚಿನ ದುಡ್ಡು ಕಣ್ಣಿಗೆ ಅಷ್ಟಾಗಿ ಕಾಣದು.

ಇನ್ನು ರಾಜಕುಮಾರ್ ಅಭಿನಯದ 1960ರ ‘ಭಕ್ತ ಕನಕದಾಸ’. ಸಿನಿಮಾ ಫಿಲ್ಮಿನಲ್ಲಿ ಸೂಕ್ಷ್ಮ ವಿವರ ಬೇಕಾದಷ್ಟಿರುತ್ತದೆ. ಹಳೆಯ ವಿಡಿಯೋ ಟೇಪಿಗೆ ಇಳಿಸುವಾಗ ಕಳೆದದ್ದನ್ನು ಮಾತ್ರ ಯಾವ ದುಬಾರಿ ಪರದೆಯೂ ಮರಳಿ ತಾರದು. ಅಂದಾಜಿನಿಂದ ತುಂಬುತ್ತದೆ, ಅಷ್ಟೇ. ವಿಡಿಯೋ ಆಟದ ಪೆಟ್ಟಿಗೆಯ ಮಾತು ಬೇರೆ. ಅದು ಪ್ರತಿಯೊಂದು ಚಿತ್ರವನ್ನೂ ಆಗಿಂದಾಗಲೇ ಲೆಕ್ಕ ಹಾಕಿ ಬರೆಯುತ್ತದೆ. ಆಡುವವನು ಪರದೆಗೆ ಹತ್ತಿರವೇ ಕೂರುತ್ತಾನೆ. ಹೀಗಾಗಿ ಹೊಸ ಟಿ.ವಿ.ಯ ಲಾಭ ಹೆಚ್ಚಾಗಿ ಸಿಗುವುದು ಮೊಮ್ಮಗನ ಆಟಕ್ಕೆ, ಅಜ್ಜನ ಸಿನಿಮಾಕ್ಕಲ್ಲ. ಅಂಗಡಿಯಲ್ಲಿ ಹುಡುಗ ಈ ಮಾತು ಬಾಯಿಬಿಡುವುದಿಲ್ಲ!